ಎರಡು ಬೆಂಕಿ, ಒಂದು ಫಿಲ್ಟರ್

ದೆಹಲಿ ಹೊಗೆಯ ಬಗ್ಗೆ ನಾವು ಕಾರ್ಯಕ್ರಮ ಮಾಡಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೇ ಬರುತ್ತೆ. ಪಂಜಾಬಿನ ಕೂಳೆ ಸುಡೋ ರೈತರ ಬಗ್ಗೆ ಅಲ್ಲ, ಸರ್ಕಾರದ ಬಗ್ಗೆಯೂ ಅಲ್ಲ. "ಸರ್, ಮಗ ಗುರುಗ್ರಾಮದಲ್ಲಿದ್ದಾನೆ. ಮನೆಗೆ ಏರ್ ಪ್ಯೂರಿಫೈಯರ್ ತಗೊಂಡಿದ್ದಾನೆ. ಫಿಲ್ಟರ್ ಕಪ್ಪಗಾಗಿಬಿಟ್ಟಿದೆ. ತೊಳೆದು ಹಾಕಬಹುದಾ, ಇಲ್ಲ ಹೊಸದೇ ತರಬೇಕಾ?"

ಕೇಳೋದಕ್ಕೆ ಸಣ್ಣ ಪ್ರಶ್ನೆ. ಆದರೆ ಆ ಮನೆಯ ಲೆಕ್ಕ ನೋಡಿ. ಯಂತ್ರ ಒಂದು ಸಲ ಕೊಂಡರೆ ಖರ್ಚು ಮುಗೀತು ಅಂದುಕೊಂಡಿರ್ತಾರೆ. ಆಮೇಲೆ ಗೊತ್ತಾಗುತ್ತೆ, ಫಿಲ್ಟರ್ ಅನ್ನೋದು ಪ್ರತಿ ವರ್ಷ ಬರೋ ಖರ್ಚು ಅಂತ. ಅದು ಸಾವಿರ, ಎರಡು ಸಾವಿರದಲ್ಲಿ ಮುಗಿಯೋದೂ ಅಪರೂಪ. ಮಗುವಿಗೆ ಉಬ್ಬಸ ಇದೆ ಅಂತ ಸಾಲ ಮಾಡಿ ಯಂತ್ರ ತಂದವರಿಗೆ ಇದು ತಮಾಷೆಯಲ್ಲ. ಅದೂ ಅಲ್ಲದೆ ನಾವು ತೊಳೆದು ಬಳಸೋ ಜನ. ಕಾಫಿ ಫಿಲ್ಟರಿನ ತೂತು ಮುಚ್ಚಿಕೊಂಡರೆ ಒಲೆಯ ಮೇಲೆ ಕಾಯಿಸಿ ಬಿಡಿಸ್ತೀವಿ. ನೀರಿನ ಕ್ಯಾಂಡಲ್ ಉಜ್ಜಿ ತೊಳೀತೀವಿ. ಎಸಿಯ ಜಾಲರಿಯನ್ನ ನಲ್ಲಿ ಕೆಳಗೆ ಹಿಡೀತೀವಿ. ಹಾಗಿರುವಾಗ ಇದೊಂದನ್ನ ಮಾತ್ರ ಬಿಸಾಕಿ ಅಂದರೆ, ಕಂಪನಿಯವನು ಟೋಪಿ ಹಾಕ್ತಿದ್ದಾನೆ ಅನ್ನೋ ಅನುಮಾನ ಬರೋದು ಸಹಜ. ಆ ಅನುಮಾನ ಪೂರ್ತಿ ತಪ್ಪೂ ಅಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಒಂದು ಕಥೆ ಹೇಳಬೇಕು. ಯಾಕಂದ್ರೆ ಆ ಫಿಲ್ಟರ್ ಯಾರು ಮಾಡಿದರು, ಯಾವುದಕ್ಕೆ ಮಾಡಿದರು ಅಂತ ಗೊತ್ತಾದರೆ ತೊಳೆಯೋದಾ ಬಿಸಾಕೋದಾ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಮನೆಯ ಮೂಲೆಯಲ್ಲಿ ಗುಯ್ ಅಂತಿರೋ ಆ ಡಬ್ಬದೊಳಗಿನ ಕಾಗದ ಹುಟ್ಟಿದ್ದು ಗಂಡಾಂತರದ ಜಾಗದಲ್ಲಿ ಸ್ವಾಮಿ. ಅಣುಬಾಂಬಿನ ಅಡುಗೆಮನೆಯಲ್ಲಿ.

ಎರಡನೇ ಮಹಾಯುದ್ಧದ ಕಾಲ. ವಿಷಾನಿಲದ ಭಯ ಎಲ್ಲ ಸೇನೆಗಳಿಗೂ ಇತ್ತು. ಜರ್ಮನ್ ಸೈನಿಕರಿಂದ ವಶಪಡಿಸಿಕೊಂಡ ಗ್ಯಾಸ್ ಮಾಸ್ಕ್‌ಗಳನ್ನ ಬ್ರಿಟಿಷರು ಬಿಚ್ಚಿ ನೋಡಿದರು. ಒಳಗೆ ಇದ್ದಿಲು ಇತ್ತು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಜೊತೆಗೆ ಒಂದು ವಿಚಿತ್ರ ಕಾಗದ ಇತ್ತು. ಒಂದು ಜಾತಿಯ ಹುಲ್ಲಿನ ನಾರಿಗೆ ಅತಿ ತೆಳ್ಳನೆಯ ಕಲ್ನಾರಿನ ಎಳೆ ಸೇರಿಸಿ ಮಾಡಿದ್ದು. ಉಸಿರಾಟಕ್ಕೆ ತೊಂದರೆ ಇಲ್ಲ, ಆದರೆ ಹೊಗೆಯ ಕಣ ದಾಟೋದಿಲ್ಲ. ಕಲ್ನಾರು ಅಂದ್ರೆ ಗೊತ್ತಾಯ್ತಲ್ಲ? ನಮ್ಮಲ್ಲಿ ದನದ ಕೊಟ್ಟಿಗೆಗೂ ಗೋದಾಮಿಗೂ ಹೊದಿಸ್ತಿದ್ದ ಶೀಟಿನಲ್ಲಿರೋ ಅದೇ ಆಸ್‌ಬೆಸ್ಟಾಸ್. ಆ ಕಾಗದದ ಮಾದರಿ ಅಮೆರಿಕಕ್ಕೆ ಹೋಯಿತು. ಮೇರಿಲ್ಯಾಂಡ್ ರಾಜ್ಯದ ಎಡ್ಜ್‌ವುಡ್ ಅನ್ನೋ ಕಡೆ ಸೇನೆಯ ರಾಸಾಯನಿಕ ಯುದ್ಧ ವಿಭಾಗ ಅದನ್ನ ನೋಡಿಕೊಂಡು ತನ್ನದೇ ಕಾಗದ ಮಾಡಿಸಿತು.

ಅದೇ ಹೊತ್ತಿಗೆ ಅಮೆರಿಕ ಗುಟ್ಟಾಗಿ ಅಣುಬಾಂಬ್ ಮಾಡ್ತಿತ್ತು, ಮ್ಯಾನ್‌ಹಟನ್ ಯೋಜನೆ. ಯುರೇನಿಯಂ, ಪ್ಲುಟೋನಿಯಂ ಕೆಲಸ ನಡೆಯೋ ಕಟ್ಟಡದ ಗಾಳಿ ಹೊರಗೆ ಹೋಗಲೇಬೇಕು, ಆದರೆ ಅದರ ಜೊತೆ ವಿಕಿರಣದ ಧೂಳು ಹೋಗಬಾರದು. ಸೈನಿಕನ ಮುಖದ ಮೇಲಿದ್ದ ಕಾಗದವನ್ನ ದೊಡ್ಡದು ಮಾಡಿ ಇಡೀ ಕಟ್ಟಡದ ಮೂಗಿಗೆ ಕಟ್ಟಿದರು. ಎರಡಡಿ ಉದ್ದ, ಎರಡಡಿ ಅಗಲದ ಮರದ ಚೌಕಟ್ಟು. ಅದರೊಳಗೆ ಬೀಸಣಿಗೆಯ ಹಾಗೆ ಮಡಿಸಿ ಮಡಿಸಿ ತುಂಬಿದ ಕಾಗದ. ಬಿಡಿಸಿ ಹರಡಿದರೆ ಇನ್ನೂರು ಚದರ ಅಡಿಗೂ ಹೆಚ್ಚು. ಮೊದಮೊದಲು ಇದಕ್ಕೆ 'ಆಬ್ಸಲ್ಯೂಟ್ ಫಿಲ್ಟರ್' ಅಂತಿದ್ದರು. 'ಹೆಪಾ' ಅನ್ನೋ ಹೆಸರು 1961ರಲ್ಲಿ ಬಂತು. ಅಮೆರಿಕದ ಅಣುಶಕ್ತಿ ಆಯೋಗದಲ್ಲಿದ್ದ ಹಂಫ್ರಿ ಗಿಲ್ಬರ್ಟ್ ಇಟ್ಟಿದ್ದು.

ಒಂದು ಹೆಸರು ಇಲ್ಲಿ ಹೇಳಲೇಬೇಕು. ಇರ್ವಿಂಗ್ ಲ್ಯಾಂಗ್‌ಮ್ಯೂರ್. 1932ರಲ್ಲೇ ರಸಾಯನಶಾಸ್ತ್ರದ ನೊಬೆಲ್ ತಗೊಂಡವರು. ಯುದ್ಧದ ಸಮಯದಲ್ಲಿ ಅವರನ್ನ ಕೂರಿಸಿ, ಹೊಗೆಯ ಕಣ ಫಿಲ್ಟರಿನಲ್ಲಿ ಹೇಗೆ ಸಿಕ್ಕಿಬೀಳುತ್ತೆ ಲೆಕ್ಕ ಹಾಕಿ ಅಂದರು. ಅವರ ಲೆಕ್ಕ ನಮ್ಮ ಅಡುಗೆಮನೆ ತಿಳಿವಳಿಕೆಯನ್ನ ತಲೆಕೆಳಗು ಮಾಡುತ್ತೆ. ನಾವು ಅಂದುಕೊಳ್ಳೋದು ಏನು? ಫಿಲ್ಟರ್ ಅಂದ್ರೆ ಜರಡಿ. ರಾಗಿ ಹಿಟ್ಟು ಜರಡಿ ಹಿಡಿದ ಹಾಗೆ, ದೊಡ್ಡದು ಮೇಲೆ ನಿಲ್ಲುತ್ತೆ, ಸಣ್ಣದು ಕೆಳಗೆ ಬೀಳುತ್ತೆ. ಹೆಪಾದಲ್ಲಿ ಹಾಗಿಲ್ಲ. ಅದರ ನಾರುಗಳ ಮಧ್ಯದ ಸಂದು, ಅದು ಹಿಡಿಯೋ ಕಣಕ್ಕಿಂತ ಎಷ್ಟೋ ಪಾಲು ದೊಡ್ಡದು. ಕಣ ಆರಾಮಾಗಿ ಒಳಗೆ ನುಗ್ಗುತ್ತೆ. ಭಾರದ ಕಣ ಗಾಳಿಯ ಜೊತೆ ತಿರುವು ತಗೊಳ್ಳೋಕಾಗದೆ ನಾರಿಗೆ ಹೋಗಿ ಗುದ್ದುತ್ತೆ. ತೀರಾ ಸಣ್ಣ ಕಣ ಗಾಳಿಯ ಅಣುಗಳ ಹೊಡೆತಕ್ಕೆ ಕುಡಿದವನ ಹಾಗೆ ತೂರಾಡುತ್ತಾ ಯಾವುದೋ ನಾರಿಗೆ ತಗುಲುತ್ತೆ. ತಗುಲಿದ್ದು ಅಂಟಿಕೊಳ್ಳುತ್ತೆ. ಆ ಅಳತೆಯಲ್ಲಿ ಯಾವ ಗೋಂದೂ ಬೇಡ, ವಸ್ತು ವಸ್ತುವಿನ ನಡುವಿನ ಸೆಳೆತವೇ ಸಾಕು.

ಹಾಗಾದರೆ ತಪ್ಪಿಸಿಕೊಳ್ಳೋನು ಯಾರು? ಮಧ್ಯದವನು. ಗುದ್ದೋವಷ್ಟು ಭಾರವಿಲ್ಲ, ತೂರಾಡೋವಷ್ಟು ಹಗುರವೂ ಇಲ್ಲ. ಅವನ ಗಾತ್ರ ಸುಮಾರು 0.3 ಮೈಕ್ರಾನ್, ನಮ್ಮ ತಲೆಕೂದಲಿನ ದಪ್ಪದ ಇನ್ನೂರನೇ ಒಂದು ಪಾಲು. ಅದಕ್ಕೇ ಪರೀಕ್ಷೆ ಇಟ್ಟಿದ್ದು ಅವನ ಮೇಲೆ. ಹತ್ತು ಸಾವಿರ ಅಂಥ ಕಣ ಬಿಟ್ಟರೆ ಮೂರಕ್ಕಿಂತ ಹೆಚ್ಚು ದಾಟಬಾರದು. ಡಬ್ಬದ ಮೇಲೆ ಬರೆದಿರೋ 99.97 ಶೇಕಡಾ ಅಂದ್ರೆ ಇದೇ. ಅದಕ್ಕಿಂತ ಸಣ್ಣ ಕಣಗಳನ್ನ ಹೆಪಾ ಹಿಡಿಯೋದಿಲ್ಲ ಅಂತ ಎಷ್ಟೋ ಜನ ವಾದ ಮಾಡ್ತಾರೆ. ತಪ್ಪು. ಸಣ್ಣದನ್ನ ಇನ್ನೂ ಚೆನ್ನಾಗಿ ಹಿಡಿಯುತ್ತೆ.

ಇಲಿ ಹಿಡಿಯೋ ಅಂಟಿನ ಹಲಗೆ ನೋಡಿದ್ದೀರಲ್ಲ? ಹೆಪಾ ಅದಕ್ಕೆ ಹತ್ತಿರ, ಜರಡಿಗೆ ದೂರ. ಜರಡಿಯನ್ನ ತಟ್ಟಿದರೆ ಖಾಲಿಯಾಗುತ್ತೆ. ಅಂಟಿನ ಹಲಗೆಯಿಂದ ಇಲಿ ಕಿತ್ತು, ತೊಳೆದು, ಮತ್ತೆ ಮೂಲೆಗೆ ಇಡೋ ಮಹಾನುಭಾವರನ್ನ ನಾನಂತೂ ನೋಡಿಲ್ಲ.

ಈಗ 1957ಕ್ಕೆ ಬನ್ನಿ. ಒಂದೇ ತಿಂಗಳ ಅಂತರದಲ್ಲಿ ಎರಡು ಬೆಂಕಿ. ಎರಡರಲ್ಲೂ ಫಿಲ್ಟರೇ ಮುಖ್ಯ ಪಾತ್ರಧಾರಿ.

ಮೊದಲನೇದು ಸೆಪ್ಟೆಂಬರ್ 11ರ ರಾತ್ರಿ. ಅಮೆರಿಕದ ಕೊಲರಾಡೊ ರಾಜ್ಯ, ಡೆನ್ವರ್ ನಗರದ ಪಕ್ಕ ರಾಕಿ ಫ್ಲ್ಯಾಟ್ಸ್ ಕಾರ್ಖಾನೆ. ಅಲ್ಲಿ ತಯಾರಾಗ್ತಿದ್ದದ್ದು ಅಣ್ವಸ್ತ್ರದ ಪ್ಲುಟೋನಿಯಂ ತಿರುಳು. ಪ್ಲುಟೋನಿಯಂ ತುಣುಕಿಗೆ ಒಂದು ಕೆಟ್ಟ ಗುಣ ಇದೆ, ಗಾಳಿ ಸೋಕಿದರೆ ತಾನಾಗೇ ಹೊತ್ತಿಕೊಳ್ಳಬಹುದು. ಕೆಲಸಗಾರರು ಅದನ್ನ ಗಾಜಿನ ಪೆಟ್ಟಿಗೆಯೊಳಗೆ ಕೈಗವಸು ತೂರಿಸಿ ಮುಟ್ಟುತ್ತಿದ್ದರು. 771 ಅನ್ನೋ ಸಂಖ್ಯೆಯ ಕಟ್ಟಡದಲ್ಲಿ ಅಂಥದ್ದೊಂದು ಪೆಟ್ಟಿಗೆಗೆ ಬೆಂಕಿ ಬಿತ್ತು. ಹೊಗೆ ಹೊರಗೆ ಹೋಗಲಿ ಅಂತ ಫ್ಯಾನುಗಳ ವೇಗ ಹೆಚ್ಚಿಸಿದರು. ನಮ್ಮ ನಿಮ್ಮ ಮನೆಯಲ್ಲಾದರೂ ಅದನ್ನೇ ಮಾಡ್ತಿದ್ವಿ. ಫ್ಯಾನು ಹೊಗೆಯ ಜೊತೆ ಜ್ವಾಲೆಯನ್ನೂ ಎಳೆದುಕೊಂಡು ಹೋಯಿತು. ದಾರಿಯ ಕೊನೆಯಲ್ಲಿ ಸಾಲಾಗಿ ನಿಂತಿದ್ದವು ಫಿಲ್ಟರುಗಳು, ನೂರಾರು. ಅವು ಉರಿಯೋ ಕಾಗದದವು. ವಿಷ ಹಿಡಿದಿಟ್ಟುಕೊಂಡಿದ್ದ ಫಿಲ್ಟರೇ ಸೌದೆಯಾಯಿತು. ಕೊಳವೆಯೊಳಗೆ ಸ್ಫೋಟವಾಯಿತು, ಪ್ಲುಟೋನಿಯಂ ಚಿಮಣಿಯಿಂದ ಹೊರಬಿತ್ತು.

ಡೆನ್ವರ್ ಜನಕ್ಕೆ ಹೇಳಿದರಾ? ಏನಾಯಿತು ಅನ್ನೋದರ ನಿಜವಾದ ಗಾತ್ರ ಅವರಿಗೆ ತಿಳಿಸಲಿಲ್ಲ. ಅದೇ ಕಾರ್ಖಾನೆಯಲ್ಲಿ 1969ರಲ್ಲಿ ಇನ್ನೊಂದು ದೊಡ್ಡ ಬೆಂಕಿ ಬಿದ್ದು, ಹೊರಗಿನ ವಿಜ್ಞಾನಿಗಳು ತಾವೇ ಹೋಗಿ ಸುತ್ತಲಿನ ಮಣ್ಣು ಪರೀಕ್ಷೆ ಮಾಡಿದ ಮೇಲೆ ಹಳೆಯ ಕಥೆಯೂ ಹೊರಗೆ ಬಂತು. ಹನ್ನೆರಡು ವರ್ಷ! ಪ್ರಜಾಪ್ರಭುತ್ವದ ಪಾಠ ಹೇಳೋ ದೇಶದಲ್ಲಿ. ಇರಲಿ, ಅದು ಬೇರೆ ದಿನದ ಚರ್ಚೆ.

ಎರಡನೇ ಬೆಂಕಿ ಅಕ್ಟೋಬರ್ 10ಕ್ಕೆ, ಇಂಗ್ಲೆಂಡಿನ ವಾಯವ್ಯ ಕರಾವಳಿಯ ವಿಂಡ್‌ಸ್ಕೇಲ್‌ನಲ್ಲಿ. ಬ್ರಿಟನ್ನಿನ ಬಾಂಬಿಗೆ ಪ್ಲುಟೋನಿಯಂ ತಯಾರಿಸೋ ಎರಡು ರಿಯಾಕ್ಟರ್ ಅಲ್ಲಿದ್ದವು. ಅವನ್ನ ತಣ್ಣಗಿಡೋ ವಿಧಾನ ಕೇಳಿದರೆ ಈಗಿನ ಎಂಜಿನಿಯರುಗಳು ತಲೆ ಚಚ್ಚಿಕೊಳ್ತಾರೆ. ಒಂದು ಕಡೆಯಿಂದ ಗಾಳಿ ಊದೋದು, ಇನ್ನೊಂದು ಕಡೆ ಸುಮಾರು 120 ಮೀಟರ್ ಎತ್ತರದ ಚಿಮಣಿಯಿಂದ ನೇರ ಆಕಾಶಕ್ಕೆ ಬಿಡೋದು. ಚಿಮಣಿ ಕಟ್ಟೋ ಕೆಲಸ ಅರ್ಧ ಆಗಿದ್ದಾಗ ಸರ್ ಜಾನ್ ಕಾಕ್‌ಕ್ರಾಫ್ಟ್ ಅನ್ನೋ ಹಿರಿಯ ಭೌತವಿಜ್ಞಾನಿ ಒಂದು ಹಟ ಹಿಡಿದರು. ಒಳಗಿನ ಇಂಧನದ ಡಬ್ಬಿ ಯಾವತ್ತಾದರೂ ಒಡೆದರೆ ಆ ಧೂಳು ಎಲ್ಲಿಗೆ ಹೋಗುತ್ತೆ? ಫಿಲ್ಟರ್ ಬೇಕೇ ಬೇಕು ಅಂದರು.

ಅಡಿಪಾಯದ ಹತ್ತಿರ ಫಿಲ್ಟರ್ ಕೂರಿಸೋ ಕಾಲ ಮೀರಿತ್ತು. ಹಾಗಾಗಿ ಚಿಮಣಿಯ ತಲೆಯ ಮೇಲೆ ಕಟ್ಟಿದರು. ಕಾಂಕ್ರೀಟು, ಉಕ್ಕು, ಇಟ್ಟಿಗೆ ಎಲ್ಲವನ್ನೂ ನಾನೂರು ಅಡಿ ಮೇಲಕ್ಕೆ ಸಾಗಿಸಬೇಕಾಯಿತು. ತೆಳ್ಳನೆಯ ಕತ್ತಿನ ಮೇಲೆ ದಪ್ಪ ತಲೆ ಇಟ್ಟ ಹಾಗೆ ಕಾಣ್ತಿತ್ತು ಆ ಕಟ್ಟಡ. ಖರ್ಚು ನೋಡಿ ಎಂಜಿನಿಯರುಗಳು ಗೊಣಗಿದರು. 'ಕಾಕ್‌ಕ್ರಾಫ್ಟ್ಸ್ ಫಾಲಿ' ಅಂತ ಅಡ್ಡಹೆಸರಿಟ್ಟರು. ನಮ್ಮ ಮಾತಲ್ಲಿ ಹೇಳೋದಾದರೆ, ಕಾಕ್‌ಕ್ರಾಫ್ಟ್ ಸಾಹೇಬರ ಹುಚ್ಚಾಟ.

ಆ ಅಕ್ಟೋಬರಿನಲ್ಲಿ ಒಂದನೇ ರಿಯಾಕ್ಟರಿನ ಹೊಟ್ಟೆಯೊಳಗೆ ಯುರೇನಿಯಂ ಇಂಧನ ಹೊತ್ತಿ ಉರೀತು. ಟಾಮ್ ಟುಯಿ ಅನ್ನೋ ಅಧಿಕಾರಿ ರಿಯಾಕ್ಟರಿನ ಮೇಲೇರಿ ಮೇಲೇರಿ ಬಗ್ಗಿ ನೋಡಿ ಬಂದರು. ಕಾರ್ಬನ್ ಡೈಆಕ್ಸೈಡ್ ಹಾಯಿಸಿದರು, ಆಗಲಿಲ್ಲ. ಸ್ಫೋಟವಾದರೂ ಆಗಲಿ ಅಂತ ಎದೆ ಗಟ್ಟಿ ಮಾಡಿಕೊಂಡು ನೀರು ಬಿಟ್ಟರು. ಕೊನೆಗೆ ಊದುತ್ತಿದ್ದ ಗಾಳಿ ನಿಲ್ಲಿಸಿದ ಮೇಲೆ ಬೆಂಕಿ ಸತ್ತಿತು. ಅಷ್ಟು ಹೊತ್ತೂ ಚಿಮಣಿಯ ತಲೆಯಲ್ಲಿದ್ದ ಆ ಗಾಜಿನ ನಾರಿನ ಫಿಲ್ಟರುಗಳು ವಿಕಿರಣದ ಧೂಳಿನ ದೊಡ್ಡ ಪಾಲನ್ನ ಹಿಡಿದಿಟ್ಟುಕೊಂಡವು. ಆಮೇಲೆ 'ಹುಚ್ಚಾಟ' ಅನ್ನೋ ಮಾತಿನಲ್ಲಿ ಆ ಹಳೇ ನಗು ಉಳಿಯಲಿಲ್ಲ.

ಆದರೆ ಪೂರ್ತಿ ಹಿಡೀತಾ? ಇಲ್ಲ. ಅಯೋಡಿನ್ ತಪ್ಪಿಸಿಕೊಂಡಿತು. ಅದು ಬಹುಪಾಲು ಆವಿಯಾಗಿತ್ತು, ನಾರಿನ ಬಲೆಗೆ ಆವಿ ಬೀಳೋದಿಲ್ಲ. ಹುಲ್ಲಿನ ಮೇಲೆ ಕೂತಿತು, ಹಸು ಹುಲ್ಲು ಮೇಯ್ತು, ಹಾಲಿಗೆ ಬಂತು. ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ರೈತರ ಹಾಲನ್ನ ವಾರಗಟ್ಟಲೆ ಚೆಲ್ಲಿಸಿದರು. ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ: ಹೆಪಾ ಹಿಡಿಯೋದು ಕಣವನ್ನ, ಅನಿಲವನ್ನಲ್ಲ. ಬಣ್ಣದ ವಾಸನೆ, ಒಲೆಯ ಗ್ಯಾಸು, ಕಾರಿನ ಹೊಗೆಯೊಳಗಿನ ಅನಿಲ ಇದಕ್ಕೆಲ್ಲ ಹೆಪಾ ಕಾಗದದಿಂದ ಏನೂ ಆಗೋಲ್ಲ. ಅದಕ್ಕೆ ಇದ್ದಿಲಿನ ಪದರ ಬೇರೆ ಬೇಕು.

ಅಣು ಸ್ಥಾವರದವರು ಕಾಲಕ್ರಮೇಣ ಕಲಿತುಕೊಂಡದ್ದು ಏನು? ಒಂದು, ಕಾಗದ ಉರಿಯಬಾರದು. ಹುಲ್ಲಿನ ನಾರು, ಕಲ್ನಾರು ಹೋಗಿ ಗಾಜಿನ ಎಳೆ ಬಂತು. ಇನ್ನೊಂದು, ಅಂಗಡಿಯಿಂದ ಬಂದ ಫಿಲ್ಟರನ್ನ ಕಣ್ಣು ಮುಚ್ಚಿ ನಂಬಬಾರದು. ಅಣುಶಕ್ತಿ ಆಯೋಗ ತನ್ನದೇ ಪರೀಕ್ಷಾ ಕೇಂದ್ರ ಇಟ್ಟು, ಹೊಸ ಫಿಲ್ಟರನ್ನೂ ಒಂದೊಂದಾಗಿ ಹೊಗೆ ಹಾಯಿಸಿ ನೋಡೋದಕ್ಕೆ ಶುರು ಮಾಡ್ತು. ತೊಳೆಯೋ ಪ್ರಶ್ನೆಯನ್ನ ಇದರ ಪಕ್ಕ ಇಟ್ಟು ನೋಡಿ. ಹೊಸದನ್ನೇ ಪರೀಕ್ಷೆಯಿಲ್ಲದೆ ಹಾಕದ ಜಾಗದಲ್ಲಿ, ನೀರಲ್ಲಿ ನೆನೆದು ಒಣಗಿದ್ದನ್ನ ಯಾರು ಹಾಕ್ತಾರೆ? ಗಾಜಿನ ಎಳೆಗಳನ್ನ ಹಿಡಿದಿಟ್ಟಿರೋದು ತೆಳುವಾದ ಅಂಟು. ನೀರು ಬಿದ್ದರೆ ಆ ಕಾಗದದ ಬಲ ಕುಗ್ಗುತ್ತೆ. ಬರೀ ತೇವಕ್ಕೆ ಒಳಗಾದ ಫಿಲ್ಟರಿನ ಆಯಸ್ಸನ್ನೇ ಅವರು ಒಣ ಫಿಲ್ಟರಿನ ಅರ್ಧಕ್ಕೆ ಇಳಿಸಿ ಲೆಕ್ಕ ಹಾಕ್ತಾರೆ.

ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಹಿಡಿದಿಟ್ಟಿದ್ದನ್ನ ಬಿಡಿಸೋಕೆ ಹೋದರೆ ಅದು ಮತ್ತೆ ಎಲ್ಲಿಗೆ ಹೋಗುತ್ತೆ? ಗಾಳಿಗೆ. ಹತ್ತಿರ ಯಾರಿರ್ತಾರೆ? ಬಿಡಿಸೋನು. ಅದಕ್ಕೆ ಸ್ಥಾವರಗಳಲ್ಲಿ ಹಳೇ ಫಿಲ್ಟರನ್ನ ಕೈಯಿಂದ ಮುಟ್ಟೋದೇ ಇಲ್ಲ. ಪೆಟ್ಟಿಗೆಯ ಬಾಯಿಗೆ ಪ್ಲಾಸ್ಟಿಕ್ ಚೀಲ ಬಿಗಿದಿರ್ತಾರೆ. ಚೀಲದ ಹೊರಗಿನಿಂದಲೇ ಹಿಡಿದು ಎಳೆದರೆ ಫಿಲ್ಟರ್ ಚೀಲದೊಳಗೇ ಬರುತ್ತೆ, ಅಲ್ಲೇ ಬಾಯಿ ಮುಚ್ಚಿ ಕತ್ತರಿಸ್ತಾರೆ.

ನಮ್ಮಲ್ಲಿ? ಮನೆಕೆಲಸದ ಹೆಣ್ಣುಮಗಳ ಕೈಗೆ ಕೊಟ್ಟು "ಬಾಲ್ಕನಿಗೆ ತಗೊಂಡೋಗಿ ಕುಟ್ಟಮ್ಮ" ಅಂತೀವಿ. ಒಂದು ಚಳಿಗಾಲ ಪೂರ್ತಿ ನಿಮ್ಮ ಮಗುವಿನ ಶ್ವಾಸಕೋಶಕ್ಕೆ ಹೋಗದ ಹಾಗೆ ತಡೆದ ಧೂಳನ್ನ ಐದೇ ನಿಮಿಷದಲ್ಲಿ ಆಕೆಯ ಮೂಗಿಗೆ. ಮುಖಕ್ಕೆ ಸೆರಗೊಂದೇ ಅಡ್ಡ. ನನಗೆ ಸಿಟ್ಟು ಬರೋದು ಇಲ್ಲಿ. ಹಣ ಉಳಿಸೋ ಆಸೆಯ ಮೇಲೆ ನನಗೇನೂ ಸಿಟ್ಟಿಲ್ಲ.

ಮಧ್ಯದಲ್ಲಿ ಈ ಕಾಗದದ ಇನ್ನೊಂದು ಉಪಕಥೆ ಹೇಳದೇ ಹೋದರೆ ಅನ್ಯಾಯ. 1952ರಲ್ಲಿ ಅಮೆರಿಕದಲ್ಲಿ ಕೆಂಟ್ ಅನ್ನೋ ಸಿಗರೇಟು ಬಂತು. ಅದರ ತುದಿಗೆ 'ಮೈಕ್ರೊನೈಟ್' ಫಿಲ್ಟರ್. ಅಣು ಸ್ಥಾವರದ ಗಾಳಿ ಶುದ್ಧ ಮಾಡೋ ಅದೇ ವಸ್ತು ಅಂತ ಜಾಹೀರಾತು, ಆರೋಗ್ಯದ ಕಾಳಜಿ ಇರೋರಿಗೆ ಅಂತ ಪ್ರಚಾರ. ಒಳಗಿದ್ದದ್ದು ನೀಲಿ ಕಲ್ನಾರು, ಕಲ್ನಾರಿನ ಜಾತಿಯಲ್ಲೇ ಅತ್ಯಂತ ಅಪಾಯಕಾರಿಯಾದದ್ದರಲ್ಲಿ ಒಂದು. 1956ರವರೆಗೂ ಜನ ಅದನ್ನ ಬಾಯಲ್ಲಿಟ್ಟು ಎಳೆದರು. ಆ ಫಿಲ್ಟರ್ ತಯಾರಿಸೋ ಕಾರ್ಖಾನೆಯಲ್ಲಿ ದುಡಿದವರು ಕಲ್ನಾರಿನ ಕಾಯಿಲೆಗಳಿಂದ ಸತ್ತರು. 'ಅಣು ವಿಜ್ಞಾನಿಗಳ ತಂತ್ರಜ್ಞಾನ', 'ನಾಸಾ ತಂತ್ರಜ್ಞಾನ' ಅಂತ ಡಬ್ಬದ ಮೇಲೆ ಬರೆದಿದ್ದು ಕಂಡಾಗಲೆಲ್ಲ ನನಗೆ ಕೆಂಟ್ ನೆನಪಾಗುತ್ತೆ.

ಒಳ್ಳೇ ಕಡೆಗೂ ಆ ಕಾಗದ ಹೋಯಿತು. 1960ರ ದಶಕದ ಆರಂಭದಲ್ಲಿ ನ್ಯೂ ಮೆಕ್ಸಿಕೊದ ಸ್ಯಾಂಡಿಯಾ ಪ್ರಯೋಗಾಲಯದ ಭೌತವಿಜ್ಞಾನಿ ವಿಲಿಸ್ ವಿಟ್‌ಫೀಲ್ಡ್ ಹೆಪಾ ದಾಟಿಬಂದ ಗಾಳಿಯನ್ನ ಕೋಣೆಯೊಳಗೆ ಒಂದೇ ದಿಕ್ಕಿನಲ್ಲಿ, ಮೇಲಿಂದ ಕೆಳಕ್ಕೆ ಪೊರಕೆಯ ಹಾಗೆ ಹರಿಸಿದರು. ಧೂಳು ಎಣಿಸೋ ಯಂತ್ರ ಎಷ್ಟು ಕಡಿಮೆ ತೋರಿಸಿತು ಅಂದರೆ, ಯಂತ್ರವೇ ಕೆಟ್ಟಿದೆ ಅಂದುಕೊಂಡರಂತೆ. ಇವತ್ತು ನಿಮ್ಮ ಮೊಬೈಲಿನ ಚಿಪ್ಪು ತಯಾರಾಗೋದು ಅಂಥ ಕೋಣೆಯ ವಂಶದಲ್ಲೇ. ಮಂಡಿ ಬದಲಾಯಿಸೋ, ಹೃದಯ ತೆರೆಯೋ ಆಪರೇಷನ್ ಥಿಯೇಟರಿನ ಚಾವಣಿಯಲ್ಲೂ ಹೆಪಾ ಇರುತ್ತೆ. ಬೆಂಗಳೂರಿನ, ಹುಬ್ಬಳ್ಳಿಯ ಯಾವುದೇ ಒಳ್ಳೇ ಆಸ್ಪತ್ರೆಯಲ್ಲಿ ಕೇಳಿ ನೋಡಿ, ಆ ಫಿಲ್ಟರನ್ನ ಕೂರಿಸಿದ ಮೇಲೆ ಎಲ್ಲಾದರೂ ಸೋರುತ್ತಾ ಅಂತ ಕೆಳಗಿನಿಂದ ಉಪಕರಣ ಆಡಿಸಿ ಪರೀಕ್ಷೆ ಮಾಡಬೇಕು. ನಿಮ್ಮ ಮನೆಯಲ್ಲಿ ಆ ಉಪಕರಣ ಇಲ್ಲ, ನನ್ನ ಮನೆಯಲ್ಲೂ ಇಲ್ಲ. ಬ್ರಷ್ಷಿನ ಕೂದಲು ತಾಗಿ ಮಡಿಕೆಯಲ್ಲಿ ಸೂಜಿಮೊನೆಯಷ್ಟು ತೂತಾದರೆ ಗಾಳಿ ಆ ಸುಲಭದ ದಾರಿ ಹಿಡಿಯುತ್ತೆ. ಫಿಲ್ಟರ್ ಮಾತ್ರ ಬೆಳ್ಳಗೆ, ಚೆಂದಕ್ಕೆ ಕಾಣ್ತಾ ಇರುತ್ತೆ.

ಮನೆಯ ಪ್ಯೂರಿಫೈಯರಿನಲ್ಲಿ ಇನ್ನೊಂದು ಒಗಟಿದೆ. ಬಹಳಷ್ಟು ಮನೆ ಫಿಲ್ಟರುಗಳಲ್ಲಿ ಈಗ ಗಾಜಿನ ನಾರು ಇಲ್ಲ, ಪ್ಲಾಸ್ಟಿಕ್ಕಿನ ನಾರು. ಅದಕ್ಕೆ ವಿದ್ಯುತ್ತಿನ ಆವೇಶ ತುಂಬಿರ್ತಾರೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನ ಎಳೆದುಕೊಳ್ಳೋದಿಲ್ವಾ, ಹಾಗೆ ಅದು ಕಣವನ್ನ ಸೆಳೆಯುತ್ತೆ. ಎನ್95 ಮಾಸ್ಕಿನ ಒಳಪದರವೂ ಇದೇ. ಆ ಬಟ್ಟೆಯನ್ನ ರೂಪಿಸಿದ ತೈವಾನ್ ಮೂಲದ ವಿಜ್ಞಾನಿ ಪೀಟರ್ ಸೈ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದಲ್ಲಿದ್ದವರು. 2020ರಲ್ಲಿ ಕೊರೊನಾ ಬಂದು ಆಸ್ಪತ್ರೆಗಳಲ್ಲಿ ಮಾಸ್ಕಿಗೆ ಹಾಹಾಕಾರ ಎದ್ದಾಗ, ನಿವೃತ್ತರಾಗಿದ್ದ ಅವರು ಮತ್ತೆ ಕೆಲಸಕ್ಕೆ ಕೂತರು. ಇಡೀ ಜಗತ್ತಿನ ವೈದ್ಯರು ಅವತ್ತು ಕೇಳಿದ್ದು ನಮ್ಮ ಗುರುಗ್ರಾಮದ ಪ್ರಶ್ನೆಯನ್ನೇ: ತೊಳೆದು ಹಾಕಬಹುದಾ? ಸೋಪು ಹಾಕಿ ನೋಡಿದರು, ಆಲ್ಕೋಹಾಲ್ ಹಾಕಿ ನೋಡಿದರು. ಆವೇಶ ಹೋಯಿತು, ಹಿಡಿಯೋ ಶಕ್ತಿ ಕುಸಿಯಿತು. ಕಣ್ಣಿಗೆ ಅದೇ ಮಾಸ್ಕ್, ಕೆಲಸಕ್ಕೆ ಬರೋದಿಲ್ಲ. ಕೊನೆಗೆ ಸಿಕ್ಕ ದಾರಿಗಳಲ್ಲಿ ಒಂದು ತೀರಾ ಸರಳ. ಹಲವು ಮಾಸ್ಕ್ ಇಟ್ಟುಕೊಳ್ಳಿ, ಬಳಸಿದ್ದನ್ನ ಕಾಗದದ ಚೀಲದಲ್ಲಿ ಕೆಲವು ದಿನ ಬಿಡಿ, ವೈರಸ್ ತಾನೇ ಸಾಯುತ್ತೆ, ಸರದಿ ಮೇಲೆ ಹಾಕಿಕೊಳ್ಳಿ. ನೀರು ಮುಟ್ಟಿಸಬೇಡಿ.

ಈಗ ಕಂಪನಿಯವರ ಕಡೆ ತಿರುಗ್ತೀನಿ. ಮೊದಲೇ ಹೇಳಿದ್ದೆ, ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ ಅಂತ. ಗಾಜಿನ ನಾರಿನ ಹೆಪಾ ಹಳತಾದ ಹಾಗೆ ಹೆಚ್ಚು ಕಣ ಬಿಡುತ್ತೆ ಅನ್ನೋದು ಸುಳ್ಳು. ಧೂಳು ಕೂತಷ್ಟೂ ಅದು ಇನ್ನೂ ಚೆನ್ನಾಗಿ ಹಿಡಿಯುತ್ತೆ. ಕೂತ ಧೂಳೇ ಇನ್ನೊಂದು ಬಲೆಯಾಗುತ್ತೆ. ಕಪ್ಪಗಾಗಿರೋದು ಕೆಟ್ಟಿರೋದರ ಗುರುತಲ್ಲ, ಕೆಲಸ ಮಾಡಿರೋದರ ಗುರುತು. ತೊಂದರೆ ಏನಂದ್ರೆ ಗಾಳಿ ಹಾಯೋದು ಕಡಿಮೆಯಾಗುತ್ತೆ. ಫ್ಯಾನು ಗುಯ್ ಅಂತಿರುತ್ತೆ, ಕೋಣೆ ಶುದ್ಧವಾಗೋದಿಲ್ಲ. ಅಣು ಸ್ಥಾವರದವರು ಇದಕ್ಕೆ ಕ್ಯಾಲೆಂಡರ್ ಒಂದನ್ನೇ ನಂಬಿ ಕೂರೋದಿಲ್ಲ. ಫಿಲ್ಟರಿನ ಮುಂದೆ ಹಿಂದೆ ಗಾಳಿಯ ಒತ್ತಡ ಅಳೆಯೋ ಮಾಪಕ ಇಟ್ಟಿರ್ತಾರೆ. ಇಷ್ಟು ಮೀರಿತು ಅಂದರೆ ಬದಲಾವಣೆ. ಪ್ಲಾಸ್ಟಿಕ್ ನಾರಿನದ್ದು ಸ್ವಲ್ಪ ಬೇರೆ. ಧೂಳು ಮುಚ್ಚಿದ ಹಾಗೆ ಅದರ ಆವೇಶ ಮಂಕಾಗಿ, ಮೊದಲಿಗೆ ಹಿಡಿತವೂ ಇಳಿಯುತ್ತೆ. ಆದ್ದರಿಂದ ಅದನ್ನ ವರ್ಷಾನುಗಟ್ಟಲೆ ಎಳೆಯೋಕಾಗಲ್ಲ.

ಮನೆ ಯಂತ್ರದ ಕೆಂಪು ದೀಪ ಏನು ಮಾಡುತ್ತೆ? ಬಹಳಷ್ಟು ಯಂತ್ರಗಳಲ್ಲಿ ಅದು ಎಷ್ಟು ಗಂಟೆ ಓಡಿತು ಅಂತ ಎಣಿಸುತ್ತೆ, ಅಷ್ಟೇ. ದೆಹಲಿಯ ನವೆಂಬರ್ ಗಂಟೆಯೂ ಒಂದೇ, ಮಡಿಕೇರಿಯ ಮಳೆಗಾಲದ ಗಂಟೆಯೂ ಒಂದೇ. ಎರಡೂ ಕಡೆ ಒಂದೇ ದಿನ ದೀಪ ಹತ್ತುತ್ತೆ. ಇದು ನ್ಯಾಯ ಅಲ್ಲ. ಒತ್ತಡ ಅಳೆಯೋ ಸಣ್ಣ ಉಪಕರಣವನ್ನ ಯಂತ್ರದಲ್ಲೇ ಇಡಿ ಅಂತ ಗ್ರಾಹಕರು ಕೇಳಬೇಕು. ಹಾಗೆ ಕೇಳೋತನಕ ಅವರು ಇಡೋದಿಲ್ಲ, ಫಿಲ್ಟರ್ ಮಾರೋದು ಅವರ ವ್ಯಾಪಾರ.

ತೊಳೆಯಬಹುದಾದ ಹೆಪಾ ಮಾಡೋಕೆ ಯಾರೂ ಪ್ರಯತ್ನವೇ ಪಡಲಿಲ್ಲ ಅಂತೇನಿಲ್ಲ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು 1990ರ ದಶಕದಲ್ಲಿ ಉಕ್ಕಿನ ನಾರಿನ ಫಿಲ್ಟರ್ ಮೇಲೆ ಕೆಲಸ ಮಾಡಿದರು. ಅವರಿಗೆ ಅದರ ಅಗತ್ಯ ಇತ್ತು. ವಿಕಿರಣ ಹತ್ತಿದ ಹಳೇ ಫಿಲ್ಟರನ್ನ ಹೂಳೋ ಖರ್ಚು ಹೊಸ ಫಿಲ್ಟರಿನ ಬೆಲೆಯನ್ನೇ ಮೀರಿಸ್ತಿತ್ತು. ಉಕ್ಕಿನದ್ದನ್ನ ಹಿಮ್ಮುಖ ಗಾಳಿಯಿಂದ ಸ್ವಚ್ಛ ಮಾಡಬಹುದು. ಆದರೆ ಭಾರ, ದುಬಾರಿ, ಗಾಳಿಗೆ ಅಡ್ಡಿಯೂ ಜಾಸ್ತಿ. ಮನೆಗೆ ಬರೋ ವಸ್ತು ಅಲ್ಲ. ಕೆಲವು ವ್ಯಾಕ್ಯೂಮ್ ಕ್ಲೀನರಿನ ಫಿಲ್ಟರ್ ಮೇಲೆ ಮಾತ್ರ ತೊಳೆಯಬಹುದು ಅಂತ ತಯಾರಕರೇ ಬರೆದಿರ್ತಾರೆ. ಅವುಗಳ ವಸ್ತು ಬೇರೆ, ಮೇಲ್ಗಡೆ ತೆಳುವಾದ ಪೊರೆ ಇರುತ್ತೆ, ಧೂಳು ಒಳಗಿಳಿಯದೆ ಮೇಲೇ ನಿಲ್ಲುತ್ತೆ. ಹಾಗೆ ಬರೆದಿದ್ದರೆ ತೊಳೀರಿ, ಪೂರ್ತಿ ಒಣಗಿಸಿ. ಬರೆದಿಲ್ಲ ಅಂದರೆ ಸುಮ್ಮನಿರಿ.

ಹಾಗಾದರೆ ಗುರುಗ್ರಾಮದ ಆ ಮಗ ಏನು ಮಾಡಬೇಕು? ಯಂತ್ರದ ಮುಂದೆ ಒಂದು ಜಾಲರಿ ಇರುತ್ತೆ, ಕೂದಲು, ನೂಲು, ದಪ್ಪ ಧೂಳು ಹಿಡಿಯೋದು. ಅದನ್ನ ಎರಡು ವಾರಕ್ಕೊಮ್ಮೆ ತೊಳೀಲಿ, ದೆಹಲಿ ಕಡೆಯಾದರೆ ವಾರಕ್ಕೊಮ್ಮೆ. ಹಣ ಉಳಿಯೋದು ಅಲ್ಲಿ. ಅದು ಚೊಕ್ಕಟವಾಗಿದ್ದರೆ ಹಿಂದಿನ ಹೆಪಾ ಬೇಗ ಕಟ್ಟೋದಿಲ್ಲ. ಕಿಟಕಿ ತೆರೆದಿಟ್ಟು ಯಂತ್ರ ಓಡಿಸೋದು ಬೇಡ, ಊರಿನ ಗಾಳಿಯನ್ನೆಲ್ಲ ಸೋಸೋಕೆ ಆ ಫಿಲ್ಟರಿಗೆ ಸಾಧ್ಯವಿಲ್ಲ. ಗಾಳಿಯ ರಭಸ ಇಳಿದಿದೆಯಾ ಅಂತ ಕೈಯೊಡ್ಡಿ ನೋಡಲಿ. ಕಣ ಅಳೆಯೋ ಸಣ್ಣ ಮೀಟರ್ ಸಿಗುತ್ತೆ, ಅಪಾರ್ಟ್‌ಮೆಂಟಿನ ಹತ್ತು ಮನೆಯವರು ಸೇರಿ ಒಂದು ಕೊಂಡರೂ ಸಾಕು. ಬಾಗಿಲು ಹಾಕಿದ ಕೋಣೆಯಲ್ಲಿ ಮೊದಲಿನ ಹಾಗೆ ಅಂಕಿ ಇಳೀತಾ ಇಲ್ಲ ಅಂದರೆ ಫಿಲ್ಟರಿನ ಕಾಲ ಮುಗೀತು ಅಂತ.

ಬದಲಾಯಿಸೋವಾಗ ಯಂತ್ರ ಆಫ್ ಮಾಡಿ. ಮಾಸ್ಕ್ ಹಾಕಿಕೊಳ್ಳಿ. ಹಳೇದನ್ನ ಅಲ್ಲಾಡಿಸದೆ, ಕುಟ್ಟದೆ ನೇರವಾಗಿ ಚೀಲಕ್ಕೆ ಇಳಿಸಿ ಬಾಯಿ ಕಟ್ಟಿ. ಕಸದವರಿಗೆ ಕೊಡೋವಾಗ ಒಳಗೇನಿದೆ ಅಂತ ಹೇಳಿ ಕೊಡಿ, ಅವರೂ ಬಿಚ್ಚದೇ ಇರಲಿ. ಈ ಕೆಲಸ ಮನೆಕೆಲಸದವರಿಗೆ ಹೇಳಬೇಡಿ, ನೀವೇ ಮಾಡಿ. ಆಮೇಲೆ ಕೈ ತೊಳ್ಕೊಳ್ಳಿ.